ವಿದ್ಯಾರ್ಥಿಗಳ ಪಾಡ್‌ಕಾಸ್ಟ್: ಗದ್ದಲ ತೆಗೆದರೆ ಧ್ವನಿ ಕೆಡುತ್ತಿದೆ, ಮಾತು ಓದಿನಂತೆ ಕೇಳಿಸುತ್ತಿದೆ

ಕನ್ನಡ ಶಿಕ್ಷಕಿ, ಕುರ್ಲಾ, ಮುಂಬಯಿ

ಎಲ್ಲರಿಗೂ ನಮಸ್ಕಾರ. ನಮ್ಮ ಕನ್ನಡ ಮಾಧ್ಯಮ ಶಾಲೆಯ ಒಂಬತ್ತನೆಯ ತರಗತಿಯವರು 2005ರ ಜುಲೈ 26ರ ಮಹಾಮಳೆಯ ಕುರಿತು ಐದೈದು ನಿಮಿಷಗಳ ಪಾಡ್‌ಕಾಸ್ಟ್ ಕಂತುಗಳನ್ನು ಸಿದ್ಧಪಡಿಸುತ್ತಿದ್ದಾರೆ. ಆಗ ಈ ಮಕ್ಕಳು ಹುಟ್ಟಿರಲಿಲ್ಲವಾದ್ದರಿಂದ ಮನೆಯ ಹಿರಿಯರನ್ನು ಮಾತನಾಡಿಸಿ, ಭೂಗೋಳದ ಪಾಠಕ್ಕೆ ಅದನ್ನು ಜೋಡಿಸಿ ನಿರೂಪಿಸಬೇಕೆಂಬುದು ಉದ್ದೇಶ. ಎರಡು ತೊಡಕುಗಳು ಎದುರಾಗಿವೆ.

ಮೊದಲನೆಯದು, ಶಾಲೆ ರೈಲುಹಳಿಯ ಪಕ್ಕದಲ್ಲಿದೆ; ತರಗತಿಯ ಫ್ಯಾನಿನ ಸದ್ದೂ ಸೇರಿಕೊಳ್ಳುತ್ತದೆ. ಮಕ್ಕಳು ಮೊಬೈಲಿನಲ್ಲಿ ಮುದ್ರಿಸಿ ವಾಟ್ಸ್‌ಆಪ್ ಧ್ವನಿಸಂದೇಶವಾಗಿ ಕಳಿಸಿದ್ದನ್ನು ಅಡಾಸಿಟಿ ಎಂಬ ಧ್ವನಿ ಸಂಕಲನ ತಂತ್ರಾಂಶದಲ್ಲಿ ತೆರೆದು, ಗದ್ದಲ ತಗ್ಗಿಸುವ ನಾಯ್ಸ್ ರಿಡಕ್ಷನ್ ಅನ್ನು 24 ಡೆಸಿಬೆಲ್‌ಗೆ ಇಟ್ಟರೆ ಗದ್ದಲ ತಗ್ಗುತ್ತದೆ, ಆದರೆ ಕೊಡದೊಳಗಿನಿಂದ ಮಾತನಾಡಿದಂತೆ ಕೇಳಿಸುತ್ತದೆ. ಎರಡನೆಯದು, ಚೆನ್ನಾಗಿ ಮಾತನಾಡುವ ಮಕ್ಕಳೂ ಮುದ್ರಣಕ್ಕೆ ಕುಳಿತೊಡನೆ ಪ್ರಬಂಧ ಓದುವ ಧಾಟಿಗೆ ಇಳಿಯುತ್ತಾರೆ. ದಯವಿಟ್ಟು ಮಾರ್ಗದರ್ಶನ ಮಾಡಿ.

ಧ್ವನಿ ಸಂಕಲನ ಹವ್ಯಾಸಿ, ಪುಣೆ

ಮೇಡಂ, ಮೊದಲ ತೊಡಕಿಗೆ ಉತ್ತರಿಸುತ್ತೇನೆ. ನಾಯ್ಸ್ ರಿಡಕ್ಷನ್ ಕೆಲಸ ಮಾಡುವುದು ಫ್ಯಾನಿನಂತೆ ಒಂದೇ ಸಮನೆ ಇರುವ ಸದ್ದಿನ ಮೇಲೆ. ಮಾತಿಲ್ಲದ ಒಂದೆರಡು ಸೆಕೆಂಡುಗಳಿಂದ ಅದು ಗದ್ದಲದ ಮಾದರಿಯನ್ನು ಕಲಿತು, ಉಳಿದೆಡೆ ಅದಕ್ಕೆ ಹೋಲುವುದನ್ನು ಕುಗ್ಗಿಸುತ್ತದೆ. ಹತ್ತಿರ ಬಂದು ದೂರ ಸಾಗುವ ರೈಲಿನ ಸದ್ದು ಕ್ಷಣಕ್ಷಣಕ್ಕೂ ಬದಲಾಗುವುದರಿಂದ ಅದನ್ನು ಹೀಗೆ ತೆಗೆಯಲಾಗದು. ಪ್ರಮಾಣ ಹೆಚ್ಚಿಸಿದಷ್ಟೂ ಮಾತೇ ಕರಗುತ್ತದೆ. ಸ, ಶ, ಷ, ಹ ಮೊದಲಾದ ಉಸಿರು ಪ್ರಧಾನವಾದ ಧ್ವನಿಗಳ ರಚನೆ ಗದ್ದಲಕ್ಕೆ ಹತ್ತಿರವಾದದ್ದು. ಆದ್ದರಿಂದ ಮೊದಲು ಸವೆಯುವುದು ಅವೇ. ಪ್ರಮಾಣವನ್ನು 6 ಡೆಸಿಬೆಲ್‌ಗೆ ಇಳಿಸಿ, ಅದಕ್ಕೂ ಮೊದಲು 80 ಹರ್ಟ್ಸ್‌ನ ಹೈ-ಪಾಸ್ ಫಿಲ್ಟರ್ (ಆ ಮಟ್ಟಕ್ಕಿಂತ ಕೆಳಗಿನ ದಪ್ಪ ಸದ್ದನ್ನು ತಗ್ಗಿಸುವ ಸೋಸುಕ) ಹಾಕಿ. ಫ್ಯಾನು ಮತ್ತು ರೈಲಿನ ತೀರಾ ಕೆಳಸ್ತರದ ಗುಡುಗು ಅಲ್ಲಿಯೇ ಸಾಕಷ್ಟು ಕಡಿಮೆಯಾಗುತ್ತದೆ.

ಆದರೆ ನಿಜವಾದ ಪರಿಹಾರ ತಂತ್ರಾಂಶದಲ್ಲಿಲ್ಲ, ಬಾಯಿಗೂ ಮೊಬೈಲಿಗೂ ನಡುವಿನ ಅಂತರದಲ್ಲಿದೆ. ಅಂತರ ಅರ್ಧಕ್ಕೆ ಇಳಿದಾಗಲೆಲ್ಲ ಮೈಕಿಗೆ ನೇರವಾಗಿ ತಲುಪುವ ಮಾತು ಸುಮಾರು 6 ಡೆಸಿಬೆಲ್ ಏರುತ್ತದೆ, ಸುತ್ತಲಿನ ಗದ್ದಲ ಇದ್ದಷ್ಟೇ ಇರುತ್ತದೆ. ಮೇಜಿನ ಮೇಲೆ 60 ಸೆಂಟಿಮೀಟರ್ ದೂರದಲ್ಲಿರುವ ಮೊಬೈಲನ್ನು 15 ಸೆಂಟಿಮೀಟರಿಗೆ ತಂದರೆ 12 ಡೆಸಿಬೆಲ್ ಲಾಭ, ಅದೂ ಧ್ವನಿಗೆ ಯಾವ ಹಾನಿಯೂ ಇಲ್ಲದೆ. ಸಾಮಾನ್ಯವಾಗಿ ಮೊಬೈಲಿನ ಕೆಳ ಅಂಚಿನಲ್ಲಿ ಮೈಕ್ ಇರುತ್ತದೆ. ಅದನ್ನು ಬಾಯಿಯ ನೇರಕ್ಕಲ್ಲದೆ ಸ್ವಲ್ಪ ಬದಿಗೆ ಹಿಡಿಸಿ, ಇಲ್ಲವಾದರೆ ಪ, ಬ, ಭ ಅಕ್ಷರಗಳಲ್ಲಿ ಉಸಿರು ಬಡಿದು ದಪ್ಪನೆಯ ಸದ್ದು ಬರುತ್ತದೆ. ಮುದ್ರಣದ ಹೊತ್ತಿಗೆ ಫ್ಯಾನ್ ಆರಿಸಿ. ಪುಸ್ತಕದ ಕಪಾಟುಗಳಿರುವ ಸಣ್ಣ ಕೋಣೆ ಖಾಲಿ ತರಗತಿಗಿಂತ ಎಷ್ಟೋ ಮೇಲು.

ಧ್ವನಿಸಂದೇಶವಾಗಿ ಕಳಿಸುವುದನ್ನು ನಿಲ್ಲಿಸಬೇಕು. ಅದು ಧ್ವನಿಯನ್ನು ಬಹಳ ಸಂಕುಚಿತಗೊಳಿಸುತ್ತದೆ. ಮೊಬೈಲಿನ ರೆಕಾರ್ಡರ್ ಆಪ್‌ನಲ್ಲಿ ಮುದ್ರಿಸಿ, ಫೈಲನ್ನು ಡಾಕ್ಯುಮೆಂಟ್ ಆಗಿ ಕಳಿಸಲಿ. ಬೇರೆ ಬೇರೆ ಮೊಬೈಲುಗಳ ಧ್ವನಿ ಏರುಪೇರಾಗಿದ್ದರೆ, ಜೋಡಿಸುವ ಮುನ್ನ ಒಂದೊಂದನ್ನೂ ಲೌಡ್‌ನೆಸ್ ನಾರ್ಮಲೈಸೇಷನ್‌ನಲ್ಲಿ ಒಂದೇ ಮಟ್ಟಕ್ಕೆ ತನ್ನಿ. ಮೋನೊ (ಒಂದೇ ವಾಹಿನಿಯ) ಮುದ್ರಣಕ್ಕೆ ಮೈನಸ್ 19 ಎಲ್‌ಯುಎಫ್‌ಎಸ್ (ಕಿವಿಗೆ ಕೇಳುವ ಗಟ್ಟಿತನದ ಅಳತೆ) ರೂಢಿಯ ಮಟ್ಟ. ಕೊನೆಗೆ 64 ಕೆಬಿಪಿಎಸ್ ಎಂಪಿ3 ಮಾಡಿದರೆ ಐದು ನಿಮಿಷದ ಕಂತು ಸುಮಾರು 2.4 ಎಂಬಿ ಆಗುತ್ತದೆ.

ಸಮಾಜ ವಿಜ್ಞಾನ ಶಿಕ್ಷಕ, ವಾಸ್ಕೊ, ಗೋವಾ

ಎರಡನೆಯ ತೊಡಕಿನ ಬಗ್ಗೆ ಒಂದು ಮಾತು ಕೇಳಬೇಕಾಗಿದೆ, ಮೇಡಂ. ಮಕ್ಕಳ ಕೈಯಲ್ಲಿರುವುದು ಪೂರ್ತಿ ಬರೆದ ಹಾಳೆಯೋ, ಬರೀ ಅಂಶಗಳೋ? ಹಾಳೆ ಕೈಯಲ್ಲಿದ್ದರೆ ಕಣ್ಣು ಅದರ ಮೇಲೆಯೇ ಇರುತ್ತದೆ, ದೊಡ್ಡವರೂ ಓದಿಯೇ ಓದುತ್ತಾರೆ. ಹಿರಿಯರು ಹೇಳಿದ್ದರಲ್ಲಿ ಪರಸ್ಪರ ಹೊಂದದ ಸಂಗತಿಗಳೇನಾದರೂ ಇವೆಯೇ ಎಂಬುದನ್ನೂ ತಿಳಿಸಿ.

ಕನ್ನಡ ಶಿಕ್ಷಕಿ, ಕುರ್ಲಾ

ಪೂರ್ತಿ ಬರೆದ ಹಾಳೆಯೇ, ಸರ್. ಹೊಂದದ ಸಂಗತಿಯೂ ಒಂದಿದೆ. ಒಬ್ಬಳ ಅಜ್ಜಿ ಚಾಳಿನ ಮನೆಯೊಳಗೆ ಎದೆಯೆತ್ತರ ನೀರು ನಿಂತಿತ್ತು ಎನ್ನುತ್ತಾರೆ. ಅದೇ ಗುಂಪಿನ ಹುಡುಗನ ತಂದೆ ಆಗ ನಗರದ ದಕ್ಷಿಣ ತುದಿಯ ಕೊಲಾಬಾದ ಹೋಟೆಲಿನಲ್ಲಿ ಕೆಲಸದಲ್ಲಿದ್ದರು. ಅಲ್ಲಿ ಅಂಥ ಮಳೆಯೇ ಇರಲಿಲ್ಲ ಎನ್ನುತ್ತಾರೆ. ಇಬ್ಬರಲ್ಲೊಬ್ಬರದು ತಪ್ಪಿರಬೇಕೆಂದು ಮಕ್ಕಳು ತಂದೆಯ ಮಾತನ್ನು ಕತ್ತರಿಸಿದ್ದಾರೆ.

ಸಮಾಜ ವಿಜ್ಞಾನ ಶಿಕ್ಷಕ, ವಾಸ್ಕೊ

ದಯವಿಟ್ಟು ಅದನ್ನು ಮರಳಿ ಸೇರಿಸಿ. ಇಬ್ಬರೂ ನಿಜ ಹೇಳಿದ್ದಾರೆ. ಹವಾಮಾನ ಇಲಾಖೆಯ ಸಾಂತಾಕ್ರೂಜ್ ಕೇಂದ್ರದಲ್ಲಿ ಆ 24 ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ದಾಖಲಾಯಿತು. ಅದೇ ಅವಧಿಯಲ್ಲಿ ಕೊಲಾಬಾ ಕೇಂದ್ರದಲ್ಲಿ 75 ಮಿಲಿಮೀಟರ್‌ಗೂ ಕಡಿಮೆ. ಒಂದೇ ನಗರದಲ್ಲಿ ಇಷ್ಟು ಅಂತರ ಹೇಗೆ, ಮೀಠಿ ನದಿ ಕುರ್ಲಾದ ಪಕ್ಕದಲ್ಲೇ ಹರಿಯುವುದಕ್ಕೂ ಅಜ್ಜಿಯ ಮನೆಯ ನೀರಿಗೂ ಏನು ಸಂಬಂಧ, ಸಮುದ್ರದ ಉಬ್ಬರ ನೀರಿನ ಹರಿವನ್ನು ಹೇಗೆ ತಡೆಯಿತು ಎಂಬ ಪ್ರಶ್ನೆಗಳಿಗೆ ಮಕ್ಕಳೇ ಉತ್ತರ ಹುಡುಕಿಕೊಂಡು ಹೊರಡಲಿ. ಕಂತಿಗೆ ಇದೇ ಬೆನ್ನೆಲುಬಾಗಲಿ. ತನಗೆ ಉತ್ತರ ಬೇಕಾದ ಪ್ರಶ್ನೆಯೊಂದು ಮುಂದಿದ್ದಾಗ ಮಗು ಓದುವುದಿಲ್ಲ, ಮಾತನಾಡುತ್ತದೆ. ಇದು ನನ್ನ ದೃಢವಾದ ನಂಬಿಕೆ.

ಹಾಳೆಯ ಬದಲು ಅಂಗೈಯಗಲದ ಚೀಟಿಯಲ್ಲಿ ನಾಲ್ಕು ಪದ, ಎರಡು ಅಂಕಿ ಸಾಕು. ಅಜ್ಜಿ ತುಳುವಿನಲ್ಲೋ ಕುಂದಗನ್ನಡದಲ್ಲೋ ಮಾತನಾಡಿದ್ದರೆ ಅದನ್ನು ಹಾಗೆಯೇ ಉಳಿಸಿ, ಬೆನ್ನಿಗೆ ಮೊಮ್ಮಗಳು ತನ್ನ ಮಾತಿನಲ್ಲಿ ವಿವರಿಸಲಿ. ಅಂಕ ಕೊಡುವಾಗ ಸಿದ್ಧ ಕಂತಿನ ಹೊಳಪಿಗಿಂತ ಅವರು ಕೇಳಿದ ಪ್ರಶ್ನೆಗಳಿಗೂ, ಯಾವುದನ್ನು ಏಕೆ ಉಳಿಸಿದರು, ಏಕೆ ಬಿಟ್ಟರು ಎಂಬ ವಿವರಣೆಗೂ ಹೆಚ್ಚಿನ ತೂಕ ಕೊಡಿ.

ಇನ್ನೊಂದು ವಿಷಯ. ಅಂತರ್ಜಾಲಕ್ಕೆ ಏರಿಸುವ ಯೋಚನೆಯಿದ್ದರೆ ಮಕ್ಕಳ ಪೋಷಕರಿಂದಲೂ ಮಾತನಾಡಿದ ಹಿರಿಯರಿಂದಲೂ ಲಿಖಿತ ಒಪ್ಪಿಗೆ ಪಡೆಯಿರಿ, ಸಿನಿಮಾ ಹಾಡುಗಳನ್ನು ಹಿನ್ನೆಲೆಗೆ ಬಳಸಬೇಡಿ.

ಕನ್ನಡ ಶಿಕ್ಷಕಿ, ಕುರ್ಲಾ

ಗ್ರಂಥಾಲಯದ ಕೋಣೆಯಲ್ಲಿ, ಚೀಟಿಗಳೊಡನೆ ನಿರೂಪಣೆಯನ್ನು ಮತ್ತೆ ಮುದ್ರಿಸಿದೆವು. ಧ್ವನಿ ಸ್ಪಷ್ಟವಾಗಿದೆ; "ಹಾಗಾದರೆ ನಿನ್ನ ಅಪ್ಪ ಸುಳ್ಳು ಹೇಳಿದರಾ?" ಎಂದು ಹುಡುಗಿ ಕೇಳಿದ ಪ್ರಶ್ನೆಯಿಂದಲೇ ಕಂತು ಆರಂಭವಾಗುತ್ತದೆ. ಆದರೆ ಅಜ್ಜಿ ಊರಿಗೆ ಹೋಗಿದ್ದಾರೆ, ಅವರ ಸಂದರ್ಶನವನ್ನು ಮತ್ತೆ ಮುದ್ರಿಸಲಾಗದು. ಅದರ ನಡುವೆ ರೈಲು ಹಾದುಹೋಗುತ್ತದೆ.

ಧ್ವನಿ ಸಂಕಲನ ಹವ್ಯಾಸಿ, ಪುಣೆ

ಹೈ-ಪಾಸ್ ಫಿಲ್ಟರ್ ಮಾತ್ರ ಹಾಕಿ, ರೈಲಿನ ಸದ್ದನ್ನು ಬಿಡಿ; ಕುರ್ಲಾದ ಮನೆಯೊಂದರ ಸಂದರ್ಶನದಲ್ಲಿ ಅದು ಕೇಳುಗರಿಗೆ ಅಡ್ಡಿಯಾಗದು. ಮಾತು ಪೂರ್ತಿ ಮುಳುಗಿದ ಭಾಗವನ್ನಷ್ಟೇ ಕತ್ತರಿಸಿ, ಅಲ್ಲಿ ಅಜ್ಜಿ ಹೇಳಿದ್ದನ್ನು ಮೊಮ್ಮಗಳ ಧ್ವನಿಯಲ್ಲಿ ಸೇರಿಸಿ. ಮೂಲ ಮುದ್ರಣವನ್ನು ಬದಲಾಯಿಸದೆ ಬೇರೊಂದು ಪೆನ್‌ಡ್ರೈವಿನಲ್ಲಿ ಇಟ್ಟುಕೊಳ್ಳಿ.