ಹಳೆ ಪಾಸ್‌ಬುಕ್ಕಿನ ಐಎಫ್‌ಎಸ್‌ಸಿ ಆ್ಯಪ್ ತಗೊಳ್ತಿಲ್ಲ, 585 ಅಂದ್ರ ಯಾವ ಕೋಡ್?

ಪ್ರಶ್ನೆ (ಶಹಾಪುರ):
ಸರ್, ಅಪ್ಪಾರ ಖಾತೆಗೆ ರೊಕ್ಕ ಹಾಕಬೇಕು. ಖಾತೆ ಮೊದಲು ಸಿಂಡಿಕೇಟ್ ಬ್ಯಾಂಕಿನದು. ಪಾಸ್‌ಬುಕ್ಕಿನ್ಯಾಗ ಕೋಡ್ 'ಎಸ್‌ವೈಎನ್‌ಬಿ'ಯಿಂದ ಶುರುವಾಗ್ತದ, ಆ್ಯಪ್ ಒಪ್ಪವಲ್ದು. ಚೆಕ್ಕಿನ ಕೆಳಗ 585ರಿಂದ ಶುರುವಾಗೋ ನಂಬರ್ ಹಾಕಿದ್ರೂ ಆಗಲಿಲ್ಲ. ಅದು ನಮ್ಮ ಪಿನ್ ಕೋಡಾ ಹೆಂಗ್ರಿ?

ಉತ್ತರ (ಕಲಬುರಗಿ):
ಆ ಕೋಡ್ ಈಗ ಚಾಲ್ತಿಯಲ್ಲಿ ಇಲ್ಲರಿ. ಸಿಂಡಿಕೇಟ್ 2020ರ ಏಪ್ರಿಲ್ 1ಕ್ಕೆ ಕೆನರಾದಲ್ಲಿ ಸೇರಿತು, 2021ರ ಜುಲೈ 1ರಿಂದ ಹಳೆ ಕೋಡ್ ನಿಂತುಹೋಯಿತು. ಐಎಫ್‌ಎಸ್‌ಸಿ ಒಟ್ಟು 11 ಅಕ್ಷರ: ಮೊದಲ ನಾಲ್ಕು ಬ್ಯಾಂಕು, ಐದನೇದು ಸೊನ್ನೆ, ಉಳಿದ ಆರು ಶಾಖೆ. ಹೊಸದಕ್ಕೆ ಮೊದಲ ನಾಲ್ಕರ ಜಾಗದಲ್ಲಿ 'ಸಿಎನ್‌ಆರ್‌ಬಿ' ಬರೆದು, ಶಾಖೆಯ ಸಂಖ್ಯೆಗೆ 10000 ಕೂಡಿಸಿ. ಹಳೇದು 001234 ಇದ್ದರೆ ಹೊಸದು 011234. ಐದನೇ ಜಾಗದಲ್ಲಿ ಇಂಗ್ಲಿಷಿನ 'ಓ' ಒತ್ತಿದರೂ ಆ್ಯಪ್ ಒಪ್ಪಲ್ಲ. ಫೋನಿನ ಪರದೆ ಮೇಲೆ ಎರಡೂ ಒಂದೇ ಥರ ಕಾಣ್ತವೆ, ಅದಕ್ಕೇ ಮೊದಲು ಅದನ್ನೇ ನೋಡಿ.

ಈ ಕೂಡಿಸೋ ಲೆಕ್ಕ ಎಲ್ಲ ಬ್ಯಾಂಕಿಗೂ ಹಚ್ಚಬೇಡಿ. ನಮ್ಮ ಕಡೆ ಸ್ಟೇಟ್ ಬ್ಯಾಂಕ್ ಆಫ್ ಹೈದರಾಬಾದಿನ ಹಳೆ ಖಾತೆ ಬಹಳ. ಅದು 2017ರ ಏಪ್ರಿಲ್ 1ಕ್ಕೆ ಎಸ್‌ಬಿಐಗೆ ಸೇರಿದ್ದು, ಅದರ ಲೆಕ್ಕವೇ ಬೇರೆ.

ಉತ್ತರ (ಬೀದರ್):
585ರ ವಿಷಯ. ಚೆಕ್ಕಿನ ಕೆಳಗಿನ ಪಟ್ಟಿಯಲ್ಲಿ ಮೊದಲ 6 ಅಂಕಿ ಚೆಕ್ ನಂಬರ್, ಆಮೇಲಿನ 9 ಅಂಕಿ ಎಂಐಸಿಆರ್. ಅದರಲ್ಲಿ ಮೂರು ಊರಿಗೆ, ಮೂರು ಬ್ಯಾಂಕಿಗೆ, ಮೂರು ಶಾಖೆಗೆ. ಊರಿನ ಮೂರಂಕಿಯನ್ನು ಪಿನ್ ಕೋಡಿನ ಮೊದಲ ಮೂರರಿಂದ ತಗೊಂಡಿದ್ದಾರೆ, ನಿಮಗೆ ಗೊಂದಲ ಆಗಿದ್ದು ಅಲ್ಲೇ. ಎಂಐಸಿಆರ್ ಚೆಕ್ ವಿಂಗಡಣೆಗೆ, ಅದನ್ನು ಐಎಫ್‌ಎಸ್‌ಸಿ ಜಾಗದಲ್ಲಿ ಹಾಕಿದರೆ ನಡೆಯಲ್ಲ.

ಪಿನ್‌ಗೂ ರೊಕ್ಕಕ್ಕೂ ಸಂಬಂಧ ಇಲ್ಲ. ಕಲಬುರಗಿ 585101, ಬೀದರ್ 585401, ನಿಮ್ಮ ಶಹಾಪುರ 585223, ಮೂರು ಜಿಲ್ಲೆಗೂ ಮೊದಲು 585ನೇ. ಕೊನೆ ಮೂರಂಕಿ ಟಪಾಲು ಹಂಚೋ ಕಚೇರಿಯದು, ತಾಲ್ಲೂಕಿನದಲ್ಲ. ಅದಕ್ಕೇ ಹತ್ತಾರು ಹಳ್ಳಿಗೆ ಒಂದೇ ಪಿನ್ ಇರೋದು.

ಪ್ರಶ್ನೆ (ಶಹಾಪುರ):
10000 ಕೂಡಿಸಿದೆ, ಆ್ಯಪ್ ತಗೊಂಡಿತ್ರಿ. ಆದ್ರ ಶಾಖೆಯ ಹೆಸರು ಬ್ಯಾರೆ ತೋರಸ್ತದ. ಕಳಿಸಲೇನ್ರಿ?

ಉತ್ತರ (ಕಲಬುರಗಿ):
ಈಗಲೇ ಬೇಡ. ಮೊದಲು ಪಾಸ್‌ಬುಕ್ಕಿನ ಅಂಕಿ ಇನ್ನೊಮ್ಮೆ ಓದಿ. ಅದು ಸರಿ ಇದ್ದರೆ, ವಿಲೀನದ ಮೇಲೆ ಹತ್ತಿರಹತ್ತಿರದ ಎರಡು ಶಾಖೆ ಒಂದೇ ಆಗಿರಬಹುದು. ಶಾಖೆಗೆ ಹೋಗಿ ಹೊಸ ಪಾಸ್‌ಬುಕ್ ಹಾಕಿಸಿಕೊಂಡು, ಕೋಡೂ ಖಾತೆ ನಂಬರೂ ಅದರಿಂದಲೇ ತಗೊಳ್ಳಿ. ನೆಫ್ಟ್‌ನಲ್ಲಿ (ಒಂದು ಬ್ಯಾಂಕಿನಿಂದ ಇನ್ನೊಂದಕ್ಕೆ ರೊಕ್ಕ ಕಳಿಸೋ ವ್ಯವಸ್ಥೆ) ಜಮಾ ಆಗೋದು ಖಾತೆ ನಂಬರ್ ನೋಡಿಯೇ, ನೀವು ಬರೆದ ಹೆಸರು ತಾಳೆ ನೋಡಲ್ಲ. ಒಂದಂಕಿ ತಪ್ಪಿ ಆ ನಂಬರಿನ ಖಾತೆ ಇನ್ಯಾರದಾದರೂ ಇದ್ದರೆ ರೊಕ್ಕ ಅವರಿಗೆ ಹೋಗ್ತದೆ. ಖಾತೆದಾರರ ಹೆಸರು ತೋರಿಸೋ ಸೌಲಭ್ಯ ಈಗ ನೆಫ್ಟ್‌ಗೂ ಬಂದಿದೆ, ಅದನ್ನು ಒತ್ತಿ ಅಪ್ಪಾರ ಹೆಸರು ಬಂತಾ ನೋಡಿ. ಆಮೇಲೆ 1 ರೂಪಾಯಿ ಹಾಕಿ, ಪಾಸ್‌ಬುಕ್ಕಿನಲ್ಲಿ ಬಿದ್ದ ಮೇಲೆ ಉಳಿದದ್ದು ಕಳಿಸಿ.