ಮಾನಸಿಕ ಕಾಯಿಲೆಯ ಮಾತ್ರೆ ಶುರುವಾದ ಮೇಲೆ ತೂಕ ಏರುತ್ತಿದೆ, ಅನುಭವ ಇದ್ದವರು ಹೇಳಿ

ಪ್ರಶ್ನೆ: ನನ್ನ ತಮ್ಮನಿಗೆ 24 ವರ್ಷ. ಸ್ಕಿಜೋಫ್ರೇನಿಯಾಕ್ಕೆ ಓಲಾಂಜಪಿನ್ ಅನ್ನೋ ಮಾತ್ರೆ ಶುರುವಾಗಿ ನಾಲ್ಕು ತಿಂಗಳಾಯಿತು. ಕಿವಿಯಲ್ಲಿ ಕೇಳುತ್ತಿದ್ದ ದನಿಗಳು ನಿಂತಿವೆ, ನಿದ್ದೆ ಬರುತ್ತಿದೆ, ನಮ್ಮ ಜೊತೆ ಕೂತು ಮಾತಾಡುತ್ತಾನೆ. ಆದರೆ 58 ಕೆಜಿ ಇದ್ದವನು 69 ಆಗಿದ್ದಾನೆ. ರಾತ್ರಿ ಎದ್ದು ಅಡುಗೆಮನೆಯಲ್ಲಿ ಡಬ್ಬಿ ಹುಡುಕುತ್ತಾನೆ. ಅಪ್ಪ ಮಾತ್ರೆ ನಿಲ್ಲಿಸಿಬಿಡು ಅಂತಿದ್ದಾರೆ. ಏನು ಮಾಡೋದು?

ಅಣ್ಣನನ್ನು ನೋಡಿಕೊಳ್ಳುವ ಒಬ್ಬರು, ದಾವಣಗೆರೆ: ತಂಗಿ, ನಿಮ್ಮ ಅಪ್ಪನ ಭಯ ಅರ್ಥ ಆಗುತ್ತದೆ. ಆದರೂ ಮನೆಯಲ್ಲೇ ತೀರ್ಮಾನ ಮಾಡಿ ಮಾತ್ರೆ ನಿಲ್ಲಿಸಬೇಡಿ. ದಿಢೀರ್ ಬಿಟ್ಟರೆ ಕಾಯಿಲೆ ಮರುಕಳಿಸುವ ಸಾಧ್ಯತೆ ಜಾಸ್ತಿ. ಮುಂದಿನ ಸಲ ಅಪ್ಪನನ್ನೂ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ. ಅವರ ಬಾಯಿಂದಲೇ ಕೇಳಲಿ.

ತಮ್ಮನ ಹಸಿವು ತಿನ್ನುವ ಚಪಲ ಅಲ್ಲ. ಹಸಿವು ಹತೋಟಿಯಲ್ಲಿಡೋಕೆ ಮೆದುಳಿಗೆ ಹಿಸ್ಟಮಿನ್, ಸೆರೊಟೋನಿನ್ ಅನ್ನೋ ರಾಸಾಯನಿಕಗಳು ಬೇಕು. ಓಲಾಂಜಪಿನ್ ಅವುಗಳ ಕೆಲಸಕ್ಕೇ ಅಡ್ಡ ಬರುತ್ತದೆ. ಊಟ ಮುಗಿಸಿ ಕೈ ತೊಳೆದವನಿಗೆ ಮತ್ತೆ ಹಸಿವು. ನಮ್ಮ ಮನೆಯಲ್ಲಿ "ಈಗ ತಾನೇ ತಿಂದೆಯಲ್ಲೋ" ಅನ್ನೋದು ನಿಂತ ಮೇಲೆ ಅಣ್ಣ ಕದ್ದು ತಿನ್ನೋದೂ ಕಮ್ಮಿ ಆಯಿತು.

ಡಬ್ಬಿ ತೆಗೆದಾಗ ಒಳಗೆ ಏನಿರಬೇಕು ಅನ್ನೋದು ಮಾತ್ರ ನಮ್ಮ ಕೈಯಲ್ಲಿದೆ. ಖಾರ ಸೇವು, ಬಿಸ್ಕತ್ತು, ಬೇಕರಿ ಬನ್ನು ತರೋದನ್ನು ಇಡೀ ಮನೆಯೇ ಬಿಟ್ಟಿತು. ಅವನೊಬ್ಬನಿಗೆ ಪಥ್ಯ, ಉಳಿದವರಿಗೆ ಹೋಳಿಗೆ ಅಂದರೆ ನಡೆಯೋದಿಲ್ಲ. ಈಗ ಆ ಡಬ್ಬಿಯಲ್ಲಿ ಹುರಿಗಡಲೆ, ಫ್ರಿಜ್ಜಿನಲ್ಲಿ ಹೆಚ್ಚಿದ ಸೌತೆಕಾಯಿ, ಹೆಸರುಬೇಳೆ ಕೋಸಂಬರಿ. ಇನ್ನೊಂದು ನೋಡಿ, ಈ ಮಾತ್ರೆಗೆ ಬಾಯಿ ಒಣಗುತ್ತದೆ. ಒಣಗಿದ ಬಾಯಿಗೆ ಹುಡುಗರು ಕೂಲ್‌ಡ್ರಿಂಕ್ಸ್ ಕುಡಿಯುತ್ತಾರೆ. ಹಾಸಿಗೆ ಪಕ್ಕ ನೀರಿನ ಬಾಟ್ಲಿ ಇಡಿ, ಮಧ್ಯಾಹ್ನ ನೀರು ಮಜ್ಜಿಗೆ ಕೊಡಿ.

ಪರೀಕ್ಷೆ ಆಗಿದೆಯಾ? ನಾಲ್ಕು ತಿಂಗಳಾಯಿತು ಅಂದರೆ ಇಷ್ಟರಲ್ಲಿ ಆಗಿರಬೇಕಿತ್ತು. ಅಮೆರಿಕದ ಡಯಾಬಿಟಿಸ್ ತಜ್ಞರು, ಮನೋವೈದ್ಯರು ಸೇರಿ 2004ರಲ್ಲೇ ಒಂದು ಪದ್ಧತಿ ಹೇಳಿದ್ದಾರೆ. ಮಾತ್ರೆ ಶುರು ಮಾಡುವಾಗ ತೂಕ, ಸೊಂಟದ ಸುತ್ತಳತೆ, ಬಿಪಿ, ಖಾಲಿಹೊಟ್ಟೆ ಶುಗರ್, ಕೊಲೆಸ್ಟ್ರಾಲ್ ನೋಡಬೇಕು. ತೂಕವನ್ನು 4, 8, 12ನೇ ವಾರ ಮತ್ತೆ ನೋಡಬೇಕು. ಬಿಪಿ, ಶುಗರ್, ಕೊಲೆಸ್ಟ್ರಾಲ್ 12ನೇ ವಾರಕ್ಕೆ ಇನ್ನೊಮ್ಮೆ. ತೂಕ ಅಷ್ಟೇನೂ ಏರದಿದ್ದರೂ ಕೆಲವರಿಗೆ ಶುಗರ್ ಏರುತ್ತದೆ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ. ನಮ್ಮ ಕಡೆಯ ಗಂಡಸರಿಗೆ ಸೊಂಟ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಿದರೆ ಎಚ್ಚರ ಬೇಕು. ದರ್ಜಿ ಟೇಪು ಸಾಕು. ಅಂಕಿಗಳನ್ನು ಪುಸ್ತಕದಲ್ಲಿ ಬರೆದು ಡಾಕ್ಟರ್ ಮುಂದೆ ಇಡಿ. "ದಪ್ಪ ಆಗಿದ್ದಾನೆ" ಅನ್ನೋದಕ್ಕಿಂತ "11 ಕೆಜಿ ಏರಿದೆ" ಅಂದರೆ ಮಾತು ಬೇಗ ಮುಂದೆ ಹೋಗುತ್ತದೆ.

ಬೈಪೋಲಾರ್‌ಗೆ (ಮನಸ್ಸು ಅತಿ ಉತ್ಸಾಹಕ್ಕೂ ಖಿನ್ನತೆಗೂ ತೂಗಾಡುವ ಕಾಯಿಲೆ) ಮಾತ್ರೆ ತೆಗೆದುಕೊಳ್ಳುವವರು, ಹುಬ್ಬಳ್ಳಿ: ನನಗೆ ಡಾಕ್ಟರ್ ಓಲಾಂಜಪಿನ್ ನಿಧಾನವಾಗಿ ಇಳಿಸುತ್ತಾ ಅರಿಪಿಪ್ರಜೋಲ್ ಅನ್ನೋ ಇನ್ನೊಂದು ಮಾತ್ರೆ ಏರಿಸಿದರು. ಅದರಲ್ಲಿ ತೂಕ ಏರೋದು ಸಾಮಾನ್ಯವಾಗಿ ಕಮ್ಮಿ. ಆದರೆ ಬದಲಾವಣೆ ಸುಲಭ ಇರಲಿಲ್ಲ. ಕಾಲು ಒಂದು ಕಡೆ ನಿಲ್ಲುತ್ತಿರಲಿಲ್ಲ, ಕೂತರೆ ಏಳಬೇಕು, ಎದ್ದರೆ ನಡೆಯಬೇಕು. ಹೇಳಿದ ಮೇಲೆ ಡೋಸ್ ಸರಿ ಮಾಡಿದರು. ಎಲ್ಲರಿಗೂ ಹೊಸ ಮಾತ್ರೆ ಹೊಂದುತ್ತದೆ ಅಂತಿಲ್ಲ. ದನಿಗಳು ನಿಂತಿರುವ ಈ ಸ್ಥಿತಿ ಕಷ್ಟಪಟ್ಟು ಸಿಕ್ಕಿದ್ದು, ಅದನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳಿ.

ಒಂದು ಮಾತು ತಮ್ಮನ ಪರವಾಗಿ. ಮದುವೆ ಮನೆಯಲ್ಲಿ "ಏನಪ್ಪಾ, ಗುಂಡಗಾಗಿದ್ದೀಯ" ಅಂತ ಕೆನ್ನೆ ಹಿಂಡುವವರು ಬಂದರೆ ನೀವು ನಡುವೆ ಬನ್ನಿ. ಆ ಮಾತು ಕೇಳಿ ಕೇಳಿಯೇ ಎಷ್ಟೋ ಜನ ಮಾತ್ರೆ ಬಿಡುತ್ತಾರೆ.

ಮಗನಿಗೆ ಇದೇ ಜಾತಿಯ ಕ್ಲೋಜಪಿನ್ ಮಾತ್ರೆ ಕೊಡುವ ತಾಯಿ, ಶಿವಮೊಗ್ಗ: ನಮಗೆ ಮಾತ್ರೆ ಬದಲಿಸುವ ದಾರಿಯೇ ಇಲ್ಲಮ್ಮ, ಬೇರೆ ಯಾವುದೂ ಅವನಿಗೆ ಕೆಲಸ ಮಾಡಲಿಲ್ಲ. ಡಾಕ್ಟರ್ ಮೆಟ್‌ಫಾರ್ಮಿನ್ ಅನ್ನೋ ಶುಗರ್ ಮಾತ್ರೆ ಸೇರಿಸಿದರು. ಶುಗರ್ ಇಲ್ಲದವರಿಗೂ ತೂಕ ತಡೆಯೋಕೆ ಕೊಡುತ್ತಾರೆ. ಮೊದಮೊದಲು ಹೊಟ್ಟೆ ಕೆಡುತ್ತದೆ, ಊಟದ ಜೊತೆ ಕೊಟ್ಟರೆ ತಡೆದುಕೊಳ್ಳಬಹುದು. ತೂಕ ಪೂರ್ತಿ ಇಳಿಯಲಿಲ್ಲ, ಏರೋದು ನಿಂತಿತು. ಅದೇ ನಮಗೆ ದೊಡ್ಡದು. ಬಹಳ ಕಾಲ ತೆಗೆದುಕೊಂಡರೆ ವಿಟಮಿನ್ ಬಿ12 ಕಮ್ಮಿ ಆಗಬಹುದು, ನೋಡಿಸುತ್ತಿರಿ. ಮೆಡಿಕಲ್ ಶಾಪಿನಲ್ಲಿ ಸುಮ್ನೆ ಕೇಳಿ ತಂದು ಕೊಡಬೇಡಿ, ಕಿಡ್ನಿ ಸರಿ ಇದೆಯಾ ಅಂತ ಮೊದಲು ನೋಡಬೇಕು.

ಬೈಪೋಲಾರ್‌ಗೆ ಲಿಥಿಯಂ ಮಾತ್ರೆ ತೆಗೆದುಕೊಳ್ಳುವವರು, ಮೈಸೂರು: ಇದನ್ನು ಓದುವವರಲ್ಲಿ ಲಿಥಿಯಂ ಇದ್ದವರು ತೂಕ ಇಳಿಸೋಕೆ ಉಪವಾಸ, ಉಪ್ಪಿಲ್ಲದ ಊಟ ಅಂತ ಹೊರಡಬೇಡಿ. ಉಪ್ಪು, ನೀರು ಕಮ್ಮಿಯಾದರೆ ರಕ್ತದಲ್ಲಿ ಲಿಥಿಯಂ ಏರಿ ವಿಷವಾಗುತ್ತದೆ. ಥೈರಾಯ್ಡ್ ಕೂಡ ನೋಡಿಸಿ, ಲಿಥಿಯಂ ಅದನ್ನು ಕುಗ್ಗಿಸಿದರೂ ತೂಕ ಏರುತ್ತದೆ.

ಮತ್ತೆ ದಾವಣಗೆರೆಯಿಂದ: ತಂಗಿ, ಡಾಕ್ಟರ್ ಭೇಟಿ ದೂರ ಇದ್ದರೆ, ಅಷ್ಟರಲ್ಲಿ ಅಪ್ಪ ಹಟ ಹಿಡಿದರೆ, ಟೆಲಿ ಮಾನಸ್ ಅನ್ನೋ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ಸರ್ಕಾರದ್ದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಫೋನನ್ನು ಅಪ್ಪನ ಕೈಗೇ ಕೊಡಿ.