ಗಿನಿಪಿಗ್‌ಗೆ ಉಸಿರಾಟದ ಸೋಂಕು: ನೀವು ಹೇಗೆ ನೋಡಿಕೊಂಡಿರಿ?

ಪುಟ್ಟಿ ಮನೆ, ಬೆಂಗಳೂರು:
ನಮ್ಮಲ್ಲಿ ಎರಡು ಗಿನಿಪಿಗ್ ಇವೆ, ಎರಡೂ ಹೆಣ್ಣು. ದೊಡ್ಡದು ಪುಟ್ಟಿ, ಎರಡು ವರ್ಷ. ಮೊದಲು ಸೀನು ಶುರುವಾಯಿತು. ಈಗ ಮೂಗಿನ ಸುತ್ತ ಸಿಂಬಳ ಒಣಗಿ ಕಟ್ಟಿದೆ, ಕಿವಿ ಹತ್ತಿರ ಹಿಡಿದರೆ ಎದೆ ಗೊರಗೊರ ಅನ್ನುತ್ತದೆ. ತೂಕ 900 ಗ್ರಾಂ ಇದ್ದದ್ದು 840ಕ್ಕೆ ಬಂದಿದೆ. ಡಾಕ್ಟರು ಎನ್ರೊಫ್ಲಾಕ್ಸಾಸಿನ್ ಅನ್ನುವ ಆಂಟಿಬಯಾಟಿಕ್ ಬರೆದುಕೊಟ್ಟಿದ್ದಾರೆ. ಔಷಧ ಹೇಗೋ ಕುಡಿಯುತ್ತಾಳೆ, ಹುಲ್ಲು ಮಾತ್ರ ಮುಟ್ಟುತ್ತಿಲ್ಲ. ಸಿರಿಂಜಿನಲ್ಲಿ ತಿನ್ನಿಸುವುದು ಹೇಗೆ? ಚಿಕ್ಕವಳನ್ನು ಬೇರೆ ಮಾಡಬೇಕಾ? ನೆಬ್ಯುಲೈಜರ್ ಕೊಳ್ಳಬೇಕಾ? ಮನೆಯಲ್ಲಿ ಅತ್ತೆ "600 ರೂಪಾಯಿ ಪ್ರಾಣಿಗೆ ಇಷ್ಟು ಖರ್ಚಾ" ಅನ್ನುತ್ತಿದ್ದಾರೆ. ಅನುಭವ ಇದ್ದವರು ದಯವಿಟ್ಟು ಹೇಳಿ.

ಜೀರಿಗೆಯ ಅಮ್ಮ, ಮೈಸೂರು:
ನಿಮ್ಮ ಡಾಕ್ಟರು ಎನ್ರೊಫ್ಲಾಕ್ಸಾಸಿನ್ ಕೊಟ್ಟಿದ್ದಾರಲ್ಲ, ಅಷ್ಟಕ್ಕೇ ಕೈ ಮುಗಿಯಿರಿ. ನಮ್ಮ ಜೀರಿಗೆಗೆ ಸಿಕ್ಕಿದ್ದು ಅಮಾಕ್ಸಿಸಿಲಿನ್. ಮಕ್ಕಳಿಗೆ ಕೊಡುವ ಅದೇ ಸಿಹಿ ಸಿರಪ್. ನಾನು ಕೇಳಿದೆ, "ಸರ್, ಇದು ಗಿನಿಪಿಗ್‌ಗೆ ಆಗುತ್ತಾ?" ಅಂತ. "ನಾಯಿಗೆ ಆಗುತ್ತೆ, ಬೆಕ್ಕಿಗೆ ಆಗುತ್ತೆ, ಇದಕ್ಕೆ ಯಾಕೆ ಆಗಲ್ಲ" ಅಂದರು. ದೊಡ್ಡವರು ಹೇಳಿದ್ದಾರೆ ಅಂತ ಕೊಟ್ಟೆವು. ಸೀನು ಕಡಿಮೆ ಆಯಿತು. ಆಮೇಲೆ ಭೇದಿ. ಹೊಟ್ಟೆ ಉಬ್ಬಿ ಗಟ್ಟಿಯಾಯಿತು. ಎದೆಯ ಸೋಂಕಿನಿಂದ ಹೋಗಲಿಲ್ಲ ನನ್ನ ಮಗು, ಔಷಧದಿಂದ ಹೋಯಿತು.

ಗಿನಿಪಿಗ್‌ನ ಕರುಳಿನಲ್ಲಿ ಹುಲ್ಲು ಕೊಳೆಸಿ ಅರಗಿಸುವ ಬ್ಯಾಕ್ಟೀರಿಯಾ ಇರುತ್ತವೆ. ಪೆನ್ಸಿಲಿನ್ ಜಾತಿಯ ಔಷಧ, ಇನ್ನೂ ಕೆಲವು ಆಂಟಿಬಯಾಟಿಕ್ ಬಾಯಿಂದ ಹೋದರೆ ಅವೆಲ್ಲ ಸಾಯುತ್ತವೆ. ಆ ಜಾಗದಲ್ಲಿ ಕ್ಲಾಸ್ಟ್ರಿಡಿಯಂ ಅನ್ನುವ ಕೆಟ್ಟ ಬ್ಯಾಕ್ಟೀರಿಯಾ ಬೆಳೆದು ವಿಷ ಬಿಡುತ್ತದೆ. ಅಮಾಕ್ಸಿಸಿಲಿನ್, ಆಂಪಿಸಿಲಿನ್, ಕ್ಲಿಂಡಾಮೈಸಿನ್, ಲಿಂಕೊಮೈಸಿನ್, ಈ ನಾಲ್ಕು ಹೆಸರು ಒಂದು ಚೀಟಿಯಲ್ಲಿ ಬರೆದು ಫ್ರಿಜ್ ಮೇಲೆ ಅಂಟಿಸಿಕೊಳ್ಳಿ. ನಾನು ಅಂಟಿಸಿದ್ದೇನೆ. ಈಗ ಮನೆಯಲ್ಲಿ ಗಿನಿಪಿಗ್ ಇಲ್ಲ, ಆದರೂ ಚೀಟಿ ತೆಗೆದಿಲ್ಲ. ಆ ಡಾಕ್ಟರಿಗೆ ಫೀಸು 400, ಸಿರಪ್ 78, ಕೊನೆಗೆ ಹೊಟ್ಟೆಯ ಗ್ಯಾಸಿಗೆ ಅಂತ ಇಂಜೆಕ್ಷನ್ 350. ಪ್ರತಿ ರಸೀದಿಯನ್ನೂ ಇಟ್ಟುಕೊಂಡಿದ್ದೇನೆ.

ಬಟಾಣಿಯ ಅಪ್ಪ, ಬೆಂಗಳೂರು:
ಖರ್ಚಿನ ಮಾತು ಬಂತಲ್ಲ, ನನ್ನ ಲೆಕ್ಕ ಕೊಡುತ್ತೇನೆ. ಮೊದಲ ಸಲ ತೋರಿಸಿದ್ದಕ್ಕೆ 700. ಎರಡು ಕೋನದಿಂದ ಎಕ್ಸ್‌ರೇ 1,400. ನೆಬ್ಯುಲೈಜರ್ 1,650. ಅಡುಗೆ ಮನೆಯ ಡಿಜಿಟಲ್ ತಕ್ಕಡಿ 450. ಕಾಯಿಲೆ ಬಿದ್ದು ತಿನ್ನದವಕ್ಕೆ ನೀರಲ್ಲಿ ಕಲಸಿ ತಿನ್ನಿಸುವ ಪುಡಿ, ಆಕ್ಸ್‌ಬೋ ಕಂಪನಿಯ ಕ್ರಿಟಿಕಲ್ ಕೇರ್, 1,500. ಆಟೋ ಬಿಟ್ಟು 5,700. ಆಟೋ ಲೆಕ್ಕ ಹೆಂಡತಿಗೂ ಹೇಳಿಲ್ಲ. ಆಫೀಸಿನಲ್ಲಿ ರಜೆ ಮುಗಿದು ಸಂಬಳ ಕಟ್ ಆಯಿತು. ಆದರೆ ಬಟಾಣಿ ಬದುಕಿದ. ಇವತ್ತಿಗೂ ಬೆಳಿಗ್ಗೆ ಫ್ರಿಜ್ ಬಾಗಿಲು ತೆಗೆದರೆ ಸಾಕು, ವೀಕ್ ವೀಕ್ ಅಂತ ಇಡೀ ಮನೆ ಎಬ್ಬಿಸುತ್ತಾನೆ.

ಎಲ್ಲರೂ ಔಷಧ ಔಷಧ ಅನ್ನುತ್ತಾರೆ. ಬಟಾಣಿಯನ್ನು ಉಳಿಸಿದ್ದು ತಿನ್ನಿಸಿದ್ದು. ಗಿನಿಪಿಗ್ ಒಂದು ಹಗಲು ಒಂದು ರಾತ್ರಿ ತಿನ್ನದೆ ಕೂತರೆ ಕರುಳು ನಿಲ್ಲುತ್ತದೆ, ಲಿವರ್ ಕೆಡುತ್ತದೆ. ಹೊಟ್ಟೆ ನಿಂತ ಮೇಲೆ ಎದೆ ವಾಸಿಯಾದರೆಷ್ಟು ಬಿಟ್ಟರೆಷ್ಟು? ನಾವು ರಾತ್ರಿ ಅಲಾರಾಂ ಇಟ್ಟು ಸರದಿ ಮೇಲೆ ಏಳುತ್ತಿದ್ದೆವು. ಟವಲ್‌ನಲ್ಲಿ ಸುತ್ತಿ ಮಡಿಲಲ್ಲಿ ಕೂರಿಸಬೇಕು, ಬೆನ್ನ ಮೇಲೆ ಮಲಗಿಸಲೇಬಾರದು. ಮುಂದಿನ ಹಲ್ಲಿಗೂ ದವಡೆ ಹಲ್ಲಿಗೂ ನಡುವೆ ಸಂದಿ ಇದೆ, ಪಕ್ಕದಿಂದ ಅಲ್ಲಿಗೆ ಸಿರಿಂಜ್ ಹೋಗಬೇಕು. 1 ಎಂಎಲ್ ಸಿರಿಂಜ್ ತೆಗೆದುಕೊಳ್ಳಿ, ಪುಡಿ ಸಿಕ್ಕಿಕೊಳ್ಳದ ಹಾಗೆ ತುದಿ ಸ್ವಲ್ಪ ಕತ್ತರಿಸಿ ಅಂಚು ನಯ ಮಾಡಿ. ಒಂದು ಹನಿ ಎರಡು ಹನಿ ಬಿಟ್ಟು, ಅವನು ಅಗಿದು ನುಂಗುವವರೆಗೆ ಕಾಯಬೇಕು. ಅವಸರ ಮಾಡಿದರೆ ಅದು ಶ್ವಾಸಕೋಶಕ್ಕೆ ಹೋಗುತ್ತದೆ. ಇರುವ ನ್ಯುಮೋನಿಯಾ ಮೇಲೆ ಇನ್ನೊಂದು. ಡಾಕ್ಟರು ನಮಗೆ ಕೆಜಿ ತೂಕಕ್ಕೆ ದಿನಕ್ಕೆ 50ರಿಂದ 80 ಎಂಎಲ್ ಗುರಿ ಹೇಳಿದ್ದರು, ಹಲವು ಸಲ ಹಂಚಿಕೊಂಡು. ಪುಡಿ ಸಿಗದಿದ್ದರೆ ಅವು ತಿನ್ನುವ ಮಾಮೂಲಿ ಪೆಲೆಟ್ (ಅಂಗಡಿಯ ಒಣ ಆಹಾರದ ತುಣುಕು) ಬಿಸಿನೀರಲ್ಲಿ ನೆನೆಸಿ, ಗಂಜಿ ಮಾಡಿ, ಆರಿಸಿ ಕೊಡಿ.

ತೂಕವನ್ನು ದಿನಾ ಒಂದೇ ಹೊತ್ತಿಗೆ ಬರೆದಿಡಬೇಕು. ಹಿಕ್ಕೆಯನ್ನೂ ನೋಡಬೇಕು. ಸಣ್ಣದಾಗಿ ಒಣಗಿಕೊಂಡು ಬಂದರೆ ತಿನ್ನಿಸಿದ್ದು ಸಾಲುತ್ತಿಲ್ಲ ಅಂತ ಅರ್ಥ.

ಮಲ್ಲಿಗೆ ತೋಟ, ಹುಬ್ಬಳ್ಳಿ:
ನೋಡ್ರಿ, ನಾನು ಈ ಪ್ರಾಣಿ ಸಾಕುತ್ತಾ ಬಾಳ ವರ್ಷ ಆಯಿತು. ಇಷ್ಟೆಲ್ಲ ರೊಕ್ಕ ಸುರಿಯುವುದು ಬೇಕಿಲ್ಲ. ಚಳಿಗಾಲದಲ್ಲಿ ನನ್ನ ಹಿಂಡಿನಲ್ಲಿ ಸೀನು ಬಂದೇ ಬರುತ್ತದೆ. ತುಳಸಿ ರಸ ಎರಡು ಹನಿ, ಬಿಸಿನೀರಿಗೆ ಕರ್ಪೂರ ಹಾಕಿ ಆವಿ, ಕಾಲಿಗೆ ಬೆಚ್ಚಗೆ ಗೋಣಿಚೀಲ. ಎದ್ದು ಓಡಾಡುತ್ತವೆ. ನಮ್ಮ ತಾಲೂಕಿನಲ್ಲಿ ಎಕ್ಸ್‌ರೇ ತೆಗೆದು ಗಿನಿಪಿಗ್ ನೋಡುವ ಡಾಕ್ಟರ್ ಎಲ್ಲಿದ್ದಾರೆ? ದನ, ಎಮ್ಮೆ, ಕುರಿ ನೋಡುವುದಕ್ಕೇ ಅವರಿಗೆ ಹೊತ್ತು ಸಾಲದು. ಅವರು ಒಳ್ಳೆಯವರೇ, ಆದರೆ ಅವರ ಕೈಗೆ ಇದು ಬಂದೇ ಇಲ್ಲ. ಬೆಂಗಳೂರಿನಲ್ಲಿ ಇದ್ದವರು ಬೆಂಗಳೂರಿನ ಮಾತು ಆಡುತ್ತೀರಿ. ಊರಲ್ಲಿ ಇದ್ದವನ ಕಷ್ಟ ನಿಮಗೆ ತಿಳಿಯುವುದಿಲ್ಲ.

ಜೀರಿಗೆಯ ಅಮ್ಮ, ಮೈಸೂರು:
ಕರ್ಪೂರನಾ? ದಯವಿಟ್ಟು ಯಾರೂ ಇದನ್ನು ಮಾಡಬೇಡಿ. ಗಿನಿಪಿಗ್ ಮೂಗಿನಿಂದಲೇ ಉಸಿರಾಡುವ ಪ್ರಾಣಿ. ಮೊದಲೇ ಕಟ್ಟಿದ ಮೂಗಿಗೆ ಕರ್ಪೂರ, ನೀಲಗಿರಿ ಎಣ್ಣೆ ಹಿಡಿದರೆ ಇನ್ನೂ ಉರಿ. ಬಿಸಿ ಆವಿಯೂ ಬೇಡ, ಅವಕ್ಕೆ ಸೆಕೆ ತಡೆಯುವ ಶಕ್ತಿ ಇಲ್ಲ. ಅಣ್ಣ, ನಿಮ್ಮಲ್ಲಿ ಎಷ್ಟು ಎದ್ದು ಓಡಾಡಿದವು ಅಂತ ಹೇಳಿದಿರಿ. ಎಷ್ಟು ಏಳಲಿಲ್ಲ ಅಂತಲೂ ಹೇಳಿ.

ಮಲ್ಲಿಗೆ ತೋಟ, ಹುಬ್ಬಳ್ಳಿ:
ಅಕ್ಕಾರ, ನಿಮ್ಮ ದುಃಖ ನನಗೆ ತಿಳಿಯುತ್ತದೆ. ಆದರೆ ನಿಮ್ಮದನ್ನು ಕೊಂದದ್ದು ಡಾಕ್ಟರ್ ಔಷಧ, ನನ್ನ ತುಳಸಿ ಅಲ್ಲ. ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಬಟಾಣಿಯ ಅಪ್ಪ, ಬೆಂಗಳೂರು:
ಇದು ಹೇಳುವ ಮಾತಾ? ಮಗು ಕಳೆದುಕೊಂಡವರಿಗೆ ಹೀಗೆ ಬರೆಯುತ್ತೀರಲ್ಲ. ನಿಮ್ಮ ಹಿಂಡಿನಲ್ಲಿ ಬಂದದ್ದು ಸೋಂಕೋ, ಹುಲ್ಲಿನ ಧೂಳೋ ಯಾರು ನೋಡಿದ್ದಾರೆ? ಧೂಳಿಗೆ ಸೀನಿದ್ದು ತುಳಸಿ ಇಲ್ಲದೆಯೂ ನಿಲ್ಲುತ್ತದೆ. ಬೊರ್ಡಟೆಲ್ಲಾ ಬ್ಯಾಕ್ಟೀರಿಯಾ ಶ್ವಾಸಕೋಶಕ್ಕೆ ಇಳಿದರೆ ತುಳಸಿಯಿಂದ ನಿಲ್ಲುವುದಿಲ್ಲ. ನೆಬ್ಯುಲೈಜರ್‌ಗೆ ನಾವು ಹಾಕಿದ್ದು ಬರೀ ಸಲೈನ್. ಅವನನ್ನು ಕೂರಿಸಿದ ಪೆಟ್ಟಿಗೆಯ ಮೇಲೆ ಬಟ್ಟೆ ಮುಚ್ಚಿ, ಗಾಳಿಗೆ ಸ್ವಲ್ಪ ಜಾಗ ಬಿಟ್ಟು, ಹತ್ತು ಹದಿನೈದು ನಿಮಿಷ. ಅದರಲ್ಲಿ ಬರುವುದು ತಣ್ಣನೆಯ ಮಂಜು, ಬಿಸಿ ಆವಿ ಅಲ್ಲ.

ಕಡಲ ತಡಿ, ಮಂಗಳೂರು:
ಜಗಳ ಬಿಡಿ ಮಾರಾಯ್ರೆ. ಸೋಂಕು ಯಾಕೆ ಬಂತು ಅಂತ ಯಾರೂ ಕೇಳಲಿಲ್ಲವಲ್ಲ. ನಮ್ಮಲ್ಲಿ ಜೂನ್ ಬಂತೆಂದರೆ ಒಣ ಹುಲ್ಲಿಗೆ ಬೂಷ್ಟು ಹಿಡಿಯುತ್ತದೆ. ಮೇಲೆ ನೋಡಿದರೆ ಚೆನ್ನಾಗಿಯೇ ಉಂಟು, ಒಳಗೆ ಕೈ ಹಾಕಿದರೆ ಬಿಳಿ ಪುಡಿ. ಗೂಡಿಗೆ ಹಾಸಿದ ಫ್ಲೀಸ್ ಬಟ್ಟೆ ಒಗೆದರೆ ಒಣಗುವುದೇ ಇಲ್ಲ. ಒದ್ದೆ ಬಟ್ಟೆಯಲ್ಲಿ ಮೂತ್ರ ನಿಂತು ಅಮೋನಿಯಾ ಏಳುತ್ತದೆ. ನಮಗೆ ನಿಂತಲ್ಲಿ ವಾಸನೆ ಬರಲಿಕ್ಕಿಲ್ಲ. ಅವುಗಳ ಮೂಗು ನೆಲದ ಹತ್ತಿರ, ಇಡೀ ದಿನ ಅದನ್ನೇ ಎಳೆದುಕೊಳ್ಳುತ್ತವೆ. ನಾನು ಎರಡು ವರ್ಷ ಪ್ರತಿ ಮಳೆಗಾಲ ಡಾಕ್ಟರ್ ಹತ್ತಿರ ಓಡಿದೆ. ಆಮೇಲೆ ಬಡಗಿ ಅಂಗಡಿಯ ಮರದ ಹೊಟ್ಟು ಪೂರ್ತಿ ನಿಲ್ಲಿಸಿದೆ. ಹುಲ್ಲನ್ನು ಗಾಳಿ ಆಡದ ಡಬ್ಬಿಗೆ ತುಂಬಿಡಲಿಲ್ಲ, ಬಟ್ಟೆ ಚೀಲದಲ್ಲಿ ಅಟ್ಟಕ್ಕೆ ಏರಿಸಿದೆ. ಹಾಸಿಗೆ ಬಟ್ಟೆ ಒಣಗಿಸುವುದಕ್ಕೆಂದೇ ಡ್ರೈಯರ್ ಇರುವ ಮೆಷಿನ್ ಕೊಂಡೆವು, 38,000. ಗಂಡ ಇವತ್ತಿಗೂ ಅದನ್ನು ಗಿನಿಪಿಗ್ ಮೆಷಿನ್ ಅಂತಲೇ ಕರೆಯುತ್ತಾರೆ. ಕರೆಯಲಿ. ಆಮೇಲೆ ಗೊರಗೊರ ಬಂದಿಲ್ಲ.

ಮನೆಯಲ್ಲಿ ಮೊಲ ಉಂಟಾ ಪುಟ್ಟಿ ಮನೆಯವರೇ? ಇದ್ದರೆ ಬೇರೆ ಕೋಣೆಗೆ ಹಾಕಿ. ಬೊರ್ಡಟೆಲ್ಲಾ ಮೊಲದ ಮೂಗಿನಲ್ಲಿ ಏನೂ ತೊಂದರೆ ಕೊಡದೆ ಇರುತ್ತದೆ, ಗಿನಿಪಿಗ್‌ಗೆ ಬಂದರೆ ಜೀವ ತೆಗೆಯಬಹುದು. ನಾಯಿಯಿಂದಲೂ ಬರಬಹುದು.

ಆಲ್ಪ್ಸ್ ಕನ್ನಡತಿ, ಜ್ಯೂರಿಕ್:
ಎರಡನೆಯದನ್ನು ಬೇರೆ ಮಾಡಬೇಕಾ ಅನ್ನುವ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ಇಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಗಿನಿಪಿಗ್ ಒಂಟಿಯಾಗಿ ಸಾಕುವುದಕ್ಕೆ ಕಾನೂನೇ ಬಿಡುವುದಿಲ್ಲ, 2008ರಿಂದ. ಅಷ್ಟು ಒಡನಾಟದ ಪ್ರಾಣಿ. ನಮ್ಮ ಮೋಟುಗೆ ನ್ಯುಮೋನಿಯಾ ಆದಾಗ ನಾನು ಜೊತೆಯವನನ್ನು ಬೇರೆ ಮಾಡಲಿಲ್ಲ. ಇಬ್ಬರೂ ಮೊದಲೇ ಒಂದೇ ಗಾಳಿ ಉಸಿರಾಡಿಯಾಗಿತ್ತು. ಜೊತೆಯವನು ತಿನ್ನುವುದನ್ನು ನೋಡಿ ಮೋಟು ಮೊದಲ ಸಲ ಬಾಯಿ ಆಡಿಸಿದ. ಇಲ್ಲಿನ ಬಿಲ್ 480 ಫ್ರಾಂಕ್ ಆಯಿತು, ಕೊಟ್ಟೆ. ಪೂರ್ತಿ ಟಿಮೊಥಿ ಹುಲ್ಲು ಮಾತ್ರ ಹಾಕುತ್ತೇನೆ, ಬೇರೆ ಯಾವ ಹುಲ್ಲೂ ಇಲ್ಲ. ಅಲ್ಲಿ ನೀವೆಲ್ಲ ಸಿಕ್ಕಿದ ಹುಲ್ಲು ಹಾಕುತ್ತೀರಿ ಅನ್ನುವುದೇ ನನಗೆ ಭಯ.

ಜೀರಿಗೆಯ ಅಮ್ಮ, ಮೈಸೂರು:
ಒಡನಾಟ ಸರಿ ಮೇಡಂ, ಆದರೆ ಎರಡನೆಯದಕ್ಕೂ ಹತ್ತಿದರೆ? ಒಂದೇ ಕೋಣೆಯಲ್ಲಿ ನಡುವೆ ಜಾಲರಿ ಇಡಿ. ಮುಖ ಕಾಣುತ್ತದೆ, ತಟ್ಟೆ ನೀರು ಬೇರೆ ಇರುತ್ತದೆ. ಯಾವುದು ಎಷ್ಟು ತಿಂದಿತು, ಎಷ್ಟು ಹಿಕ್ಕೆ ಹಾಕಿತು ಅಂತ ಗೊತ್ತಾಗುವುದೂ ಆಗಲೇ.

ಮಲ್ಲಿಗೆ ತೋಟ, ಹುಬ್ಬಳ್ಳಿ:
ಸಿಕ್ಕಿದ ಹುಲ್ಲು ಅಂದರೇನ್ರಿ? ಗರಿಕೆ ಸಿಕ್ಕಿದ ಹುಲ್ಲಾ? ಟಿಮೊಥಿ ಇಲ್ಲಿ ಕೆಜಿಗೆ ಸಾವಿರದ ಹತ್ತಿರ ಹೋಗುತ್ತದೆ, ಹಡಗಿನಲ್ಲಿ ಬಂದು ಗೋದಾಮಿನಲ್ಲಿ ಕೂತು ಧೂಳಾಗಿರುತ್ತದೆ. ನನ್ನ ತೋಟದ ಗರಿಕೆ ಬೆಳಿಗ್ಗೆ ಕೊಯ್ದರೆ ಬೆಳಿಗ್ಗೆಯೇ ತಿನ್ನುತ್ತವೆ. ಫ್ರಾಂಕಿನ ಲೆಕ್ಕ ಇಲ್ಲಿ ಹೇಳಬೇಡಿ.

ಆಲ್ಪ್ಸ್ ಕನ್ನಡತಿ, ಜ್ಯೂರಿಕ್:
ನಾನು ದುಡಿದ ಹಣ, ನನ್ನ ಪ್ರಾಣಿಗೆ ಹಾಕಿದ್ದೇನೆ. ಹೊರದೇಶದಲ್ಲಿ ಇದ್ದೇನೆ ಅಂತ ಮಾತಾಡಬಾರದಾ? ನನ್ನ ಅಪ್ಪನೂ ಗದಗದಲ್ಲಿ ಗರಿಕೆ ಕೊಯ್ದವರೇ.

ಬಟಾಣಿಯ ಅಪ್ಪ, ಬೆಂಗಳೂರು:
ಗರಿಕೆ ವಿಷಯದಲ್ಲಿ ಹುಬ್ಬಳ್ಳಿಯವರ ಪರ ನಾನು. ಆದರೆ ಬೆಂಗಳೂರಿನಲ್ಲಿ ಕೆರೆ ಪಕ್ಕ, ರಸ್ತೆ ಬದಿ ಕೊಯ್ದದ್ದು ಬೇಡ. ಕೊಳಚೆ ನೀರು, ಔಷಧ ಹೊಡೆದದ್ದು, ನಾಯಿ ಮೂತ್ರ ಎಲ್ಲ ಇರುತ್ತದೆ. ಕುದುರೆ ಮಸಾಲೆ ಸೊಪ್ಪು (ಆಲ್ಫಾಲ್ಫಾ) ಸುಲಭವಾಗಿ ಸಿಗುತ್ತದೆ ಅಂತ ದಿನಾ ಅದನ್ನೇ ಹಾಕಬೇಡಿ, ಕ್ಯಾಲ್ಸಿಯಂ ಜಾಸ್ತಿ, ದೊಡ್ಡವಕ್ಕೆ ಮೂತ್ರದಲ್ಲಿ ಕಲ್ಲು ಆಗಬಹುದು.

ಬೆಳ್ಳಿ ಮನೆ, ಶಿವಮೊಗ್ಗ:
ಎಕ್ಸ್‌ರೇ ದಂಡ ಅನ್ನುವವರು ನನ್ನದು ಕೇಳಿ. ಬೆಳ್ಳಿಗೆ ಐದು ವರ್ಷ ದಾಟಿತ್ತು. ಉಸಿರು ಎಳೆಯುತ್ತಿದ್ದಳು, ಪಕ್ಕೆ ಎದ್ದು ಬೀಳುತ್ತಿತ್ತು. ಸೋಂಕು ಅಂದರು. ಒಂದು ಆಂಟಿಬಯಾಟಿಕ್ ಮುಗಿಯಿತು, ಇನ್ನೊಂದು ಶುರುವಾಯಿತು. ಸಿಂಬಳವೇ ಇಲ್ಲ, ಸೀನೂ ಇಲ್ಲ, ಆದರೂ ಸೋಂಕು ಅನ್ನುತ್ತಲೇ ಇದ್ದರು. ಕೊನೆಗೆ ನಾನೇ ಹಟ ಹಿಡಿದು ಪಶುವೈದ್ಯಕೀಯ ಕಾಲೇಜಿಗೆ ಕರೆದುಕೊಂಡು ಹೋದೆ. ಎಕ್ಸ್‌ರೇಯಲ್ಲಿ ಹೃದಯ ದೊಡ್ಡದಾಗಿತ್ತು, ಶ್ವಾಸಕೋಶದಲ್ಲಿ ನೀರು. ನೀರು ಇಳಿಸುವ ಔಷಧ ಕೊಟ್ಟ ಮೇಲೆ ಅವಳು ಸಂಜೆಗೇ ಕೊತ್ತಂಬರಿ ಕೇಳಿದಳು. ಆಮೇಲೂ ತಿಂಗಳುಗಟ್ಟಲೆ ಚೆನ್ನಾಗಿಯೇ ಇದ್ದಳು. ಆ ಮೊದಲ ವಾರಗಳ ಆಂಟಿಬಯಾಟಿಕ್ ಅವಳ ಹೊಟ್ಟೆ ಹಾಳು ಮಾಡಿದ್ದನ್ನು ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ. ವಯಸ್ಸಾದ ಗಿನಿಪಿಗ್ ಆದರೆ ಹೃದಯ ನೋಡಿಸಿ.

ಪುಟ್ಟಿ ಮನೆ, ಬೆಂಗಳೂರು:
ಎಲ್ಲರಿಗೂ ಥ್ಯಾಂಕ್ಸ್. ಮೊಲ ಇಲ್ಲ. ನಡುವೆ ಜಾಲರಿ ಇಟ್ಟಿದ್ದೇವೆ. ಪೆಲೆಟ್ ಗಂಜಿ ಹನಿಹನಿಯಾಗಿ ಹೋಗುತ್ತಿದೆ, ತೂಕ 840ರಲ್ಲೇ ನಿಂತಿದೆ, ಇಳಿದಿಲ್ಲ. ವಿಟಮಿನ್ ಸಿ ನೀರಿಗೆ ಹಾಕುವ ಡ್ರಾಪ್ಸ್ ಅಂಗಡಿಯಲ್ಲಿ ಕೊಟ್ಟರು, ಹಾಕಲಾ? ಕಣ್ಣಲ್ಲಿ ಹಾಲಿನಂಥ ನೀರು ಬಂತು, ಮುಖ ಉಜ್ಜಿಕೊಂಡಳು. ಅದೂ ಸೋಂಕಾ?

ಕಡಲ ತಡಿ, ಮಂಗಳೂರು:
ಕಣ್ಣಿನದು ಹೆದರಬೇಡಿ. ಅವು ಮುಖ ತೊಳೆಯುವುದೇ ಆ ಬಿಳಿ ನೀರಿನಲ್ಲಿ. ಎರಡೂ ಕಣ್ಣಲ್ಲಿ ಬಂದು ಉಜ್ಜಿಕೊಂಡು ಹೋದರೆ ಅದು ಸರಿಯೇ. ಮುಖ ತೊಳೆಯುವ ಮನಸ್ಸು ಬಂದಿದೆ ಅಂದರೆ ಒಳ್ಳೆಯದೇ. ಹಳದಿಯಾಗಿ ಅಂಟಿ ಕಟ್ಟಿದರೆ ಮಾತ್ರ ತೋರಿಸಿ.

ನೀರಿಗೆ ವಿಟಮಿನ್ ಹಾಕಬೇಡಿ. ಬೆಳಕು ಬಿದ್ದರೆ ಬೇಗ ಹಾಳಾಗುತ್ತದೆ, ರುಚಿ ಬದಲಾಗಿ ನೀರು ಕುಡಿಯುವುದನ್ನೇ ಬಿಡುತ್ತವೆ. ನಮ್ಮ ಹಾಗೆಯೇ ಅವಕ್ಕೂ ವಿಟಮಿನ್ ಸಿ ಮೈಯಲ್ಲಿ ತಯಾರಾಗುವುದಿಲ್ಲ. ಕಾಯಿಲೆಯಲ್ಲಿ ಕೆಜಿಗೆ ದಿನಕ್ಕೆ 30ರಿಂದ 50 ಮಿಲಿಗ್ರಾಂ ಬೇಕು. ಡಾಕ್ಟರನ್ನು ಕೇಳಿ ಸಿರಿಂಜಿನಲ್ಲೇ ಕೊಡಿ. ತಿನ್ನಲು ಶುರು ಮಾಡಿದ ಮೇಲೆ ದೊಣ್ಣೆ ಮೆಣಸು, ಸೀಬೆಕಾಯಿಯ ಸಣ್ಣ ತುಂಡು.

ಮಲ್ಲಿಗೆ ತೋಟ, ಹುಬ್ಬಳ್ಳಿ:
ಪೇರಲ ಹಣ್ಣು ನಾನೂ ಹಾಕುತ್ತೇನೆ. ಮೈಸೂರು ಅಕ್ಕಾರು ಕೇಳಿದ್ದಕ್ಕೆ ಹೇಳುತ್ತೇನೆ. ಏಳದವು ಇದ್ದವು. ಹೋದ ವರ್ಷ ಮರಿಗಳು ಬಾಳ ಹೋದವು. ಡಾಕ್ಟರ್ ಸಿಗದೆ ಹೋದವು, ತುಳಸಿ ಕೊಟ್ಟು ಹೋದದ್ದಲ್ಲ.

ಜೀರಿಗೆಯ ಅಮ್ಮ, ಮೈಸೂರು:
ಡಾಕ್ಟರ್ ಇಲ್ಲದ ಊರಿನ ಕಷ್ಟ ನಾನು ಅಲ್ಲಗಳೆಯುವುದಿಲ್ಲ ಅಣ್ಣ. ಕರ್ಪೂರ ಮಾತ್ರ ಬಿಡಿ.

ಪುಟ್ಟಿ ಮನೆಯವರೇ, ಸೀನು ನಿಂತಿತು ಅಂತ ಎನ್ರೊಫ್ಲಾಕ್ಸಾಸಿನ್ ನಿಲ್ಲಿಸಬೇಡಿ, ಡಾಕ್ಟರು ಹೇಳಿದಷ್ಟು ದಿನ ಪೂರ್ತಿ ಮಾಡಿ. ಹೊಟ್ಟೆಗೆ ಪ್ರೋಬಯಾಟಿಕ್ ಕೊಟ್ಟಿದ್ದರೆ ಆಂಟಿಬಯಾಟಿಕ್‌ಗೂ ಅದಕ್ಕೂ ಒಂದೆರಡು ಗಂಟೆ ಅಂತರ ಇರಲಿ. ನಾಳೆಯ ತೂಕ ಹಾಕಿ.